ಮುಂದಿನ ಕೋಣೆಯ ಆಸ್ಪತ್ರೆ

ಮಾರ್ಚ್ 4, ಸೋಮವಾರ

ಇವರು ನನ್ನನ್ನು ಒಂದು ಮಾತೂ ಕೇಳದೆ ಮನೆಯ ಮುಂದಿನ ಕೋಣೆಯನ್ನು ಆರೋಗ್ಯ ಕೇಂದ್ರಕ್ಕೆ ಕೊಟ್ಟುಬಿಟ್ಟಿದ್ದಾರೆ. ಕಳೆದ ತಿಂಗಳ ಗಾಳಿಗೆ ಆ ಹಳೆಯ ಕಟ್ಟಡದ ಚಾವಣಿ ಹಾರಿಹೋಗಿ ಗೋಡೆ ಬಿರುಕುಬಿಟ್ಟಿದೆ. ರಿಪೇರಿ ಮುಗಿಯುವ ತನಕ ಒಂದು ಜಾಗ ಬೇಕಂತೆ. ಊರಲ್ಲಿ ಇಷ್ಟೊಂದು ಮನೆಗಳಿರುವಾಗ ನಮ್ಮದೇ ಯಾಕೆ ಎಂದು ಕೇಳಿದೆ.

"ಖಾಲಿ ಬಿದ್ದಿತ್ತಲ್ಲ ಕಣೇ. ನೀನು ಮನೆಪಾಠ ನಿಲ್ಲಿಸಿದ ಮೇಲೆ ಅಲ್ಲಿ ಜೇಡ ಬಿಟ್ಟರೆ ಯಾರೂ ಪಾಠ ಕಲೀತಾ ಇರ್ಲಿಲ್ಲ."

ತಮ್ಮ ಮಾತಿಗೆ ತಾವೇ ನಕ್ಕರು. ನಾನು ನಗಲಿಲ್ಲ. ಇವರು ಫ್ಯಾನು, ಮಿಕ್ಸಿ ರಿಪೇರಿ ಮಾಡುವವರು. ಕೈಯಲ್ಲಿ ಸ್ಕ್ರೂಡ್ರೈವರ್ ಇರುವಷ್ಟು ಹೊತ್ತೂ ಬಾಯಲ್ಲಿ ಒಂದು ತಮಾಷೆ ಇರಲೇಬೇಕು. ಕೆಲಸದ ಶೆಡ್ಡು ಮನೆಯ ಪಕ್ಕದಲ್ಲಿದೆ, ಅವರಿಗೇನು? ಮನೆಯೊಳಗೆ ಇರುವವಳು ನಾನು. ಊರವರ ಕೆಮ್ಮು, ಊರವರ ಚಪ್ಪಲಿ, ಊರವರ ಮಕ್ಕಳ ಅಳು ಎಲ್ಲವೂ ನನ್ನ ಪಾಲಿಗೆ.

ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಷ್ಟು ವರ್ಷ ಪಾಠದ ಡೈರಿ ಬರೆದ ಅಭ್ಯಾಸ. ಮೊಣಕಾಲು ನೋವು ಎಂದು ಹೇಳಿ ಕೆಲಸ ಬಿಟ್ಟು ಎರಡು ವರ್ಷವಾಯಿತು. ಪಾಠವಿಲ್ಲ, ಆದರೂ ಪೆನ್ನು ಹಿಡಿಯದಿದ್ದರೆ ದಿನ ಮುಗಿದಂತೆ ಅನಿಸುವುದಿಲ್ಲ. ಇನ್ನು ಬೈಯುವುದಕ್ಕಾದರೂ ಬರೆಯಬಹುದು.

ಮಾರ್ಚ್ 7, ಗುರುವಾರ

ಸಾಮಾನು ಬಂತು. ಕಬ್ಬಿಣದ ಮಂಚ, ಎರಡು ಬೀರು, ತೂಕದ ಯಂತ್ರ, ಲಸಿಕೆ ಇಡುವ ಫ್ರಿಜ್ಜು. ಜೊತೆಗೆ ಒಬ್ಬಳು ಸಿಸ್ಟರ್. ಚಿಕ್ಕ ವಯಸ್ಸು, ದೊಡ್ಡ ದನಿ. ವಾರದಲ್ಲಿ ಆರು ದಿನ ಅವಳು, ಎರಡು ದಿನ ಮಾತ್ರ ಡಾಕ್ಟರ್.

"ಟೀಚರ್, ನಿಮಗೆ ತೊಂದರೆ ಆಗದ ಹಾಗೆ ನೋಡ್ಕೋತೀವಿ," ಎಂದಳು.

"ನೋಡ್ಕೊಳ್ಳಿ," ಎಂದೆ.

ಕೋಣೆಯ ನಡುವೆ ಒಂದು ಹಸಿರು ಪರದೆ ಎಳೆದರು. ಪರದೆಯ ಆಚೆ ಮಂಚ, ಈಚೆ ಬೆಂಚುಗಳು. ಇಷ್ಟೇ ಆಸ್ಪತ್ರೆ. ನಮ್ಮ ಅಡುಗೆಮನೆಗೂ ಆ ಕೋಣೆಗೂ ನಡುವೆ ಇರುವುದು ಒಂದು ಬಾಗಿಲು. ಅದಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಸಕ್ಕರೆ ಡಬ್ಬದ ಹಿಂದೆ ಇಟ್ಟಿದ್ದೇನೆ.

ಮಾರ್ಚ್ 15, ಶುಕ್ರವಾರ

ಬೀಗ ಹಾಕಿದರೆ ಜನ ಬರುವುದಿಲ್ಲ, ಸರಿ. ಮಾತು ಬರುತ್ತದೆ. ಒಲೆಯ ಮುಂದೆ ನಿಂತರೆ ಆ ಕಡೆಯ ಒಂದೊಂದು ಅಕ್ಷರವೂ ಕಿವಿಗೆ ಬೀಳುತ್ತದೆ. ಯಾರಿಗೆ ಮೂಲವ್ಯಾಧಿ, ಯಾರ ಸೊಸೆ ಇನ್ನೂ ಬಸಿರಾಗಿಲ್ಲ, ಯಾರ ಗಂಡ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾನೆ, ಎಲ್ಲ ಗೊತ್ತಾಗಿಹೋಗಿದೆ. ಕಿವಿ ಕೇಳದ ಅಜ್ಜಿಯೊಬ್ಬಳು ಬರುತ್ತಾಳೆ. ತನಗೆ ಕೇಳದಿದ್ದರೆ ಜಗತ್ತಿಗೇ ಕೇಳುವುದಿಲ್ಲ ಎಂದು ಅವಳ ಲೆಕ್ಕ. "ಮೂರು ದಿನ ಆಯ್ತು ಕಣಮ್ಮಾ, ಹೊರಕಡೆಗೇ ಹೋಗಿಲ್ಲ!" ಎಂದು ಕೂಗಿದಳು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಶೆಡ್ಡಿನಿಂದ ಇವರ ನಗುವೂ ಕೇಳಿಸಿತು. ನಾನು ಕಾಲು ಜೋಡಿಸಿ, ಉಸಿರು ಬಿಗಿಹಿಡಿದು, ಒಲೆಯ ಕಟ್ಟೆ ಒತ್ತಿ ನಿಂತೆ. ನಗು ಮೇಲೆ ಬರದ ಹಾಗೆ ನುಂಗಿಕೊಳ್ಳುವುದು ಈಗ ಅಭ್ಯಾಸವಾಗಿದೆ.

ಡಾಕ್ಟರ್ ಒಳ್ಳೆಯ ಮನುಷ್ಯನೇ ಇರಬೇಕು, ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಗಂಡಸು. ಅದೂ ನಾನು ಏಳನೇ ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಟ್ಟ ಹುಡುಗನ ಅಣ್ಣನಂತೆ. ಬೆಂಚಿನ ಮೇಲೆ ಕೂತವರಲ್ಲೂ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು, ಇನ್ನರ್ಧ ಅವರ ಅಪ್ಪ ಅಮ್ಮಂದಿರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ನನಗೆ ಅಲ್ಲಿಗೆ ಹೋಗುವ ಕೆಲಸವೇನೂ ಇಲ್ಲ.

ಮಾರ್ಚ್ 17

ಮಗಳು ಫೋನ್ ಮಾಡಿದ್ದಳು. ಮೊಮ್ಮಗಳು ನಡೆಯುತ್ತಿದ್ದಾಳಂತೆ. "ಅಮ್ಮಾ, ನೀನು ಬರೋದ್ರೊಳಗೆ ಅವಳು ಕಾಲೇಜಿಗೆ ಹೋಗ್ತಾಳೆ," ಎಂದಳು. ಮೊಣಕಾಲು ನೋವು ಎಂದೆ. ಅರ್ಧ ದಿನದ ಬಸ್ಸು. ನಡುವೆ ಎಲ್ಲಿ ನಿಲ್ಲಿಸುತ್ತಾರೋ, ನಿಲ್ಲಿಸಿದ ಕಡೆ ಏನಿರುತ್ತದೋ. ಇವರು ಒಬ್ಬರೇ ಹೋಗಿ ನೋಡಿಕೊಂಡು ಬರಲಿ.

ಮಾರ್ಚ್ 28, ಗುರುವಾರ

ಇವತ್ತು ತಡೆಯಲಾಗದೆ ಬೀಗ ತೆಗೆದೆ. ಲಸಿಕೆ ಹಾಕುವ ದಿನ. ಆ ಕಡೆ ಸಂತೆಯಾಗಿತ್ತು. ನಾನು ಮೊದಲು, ನೀನು ಮೊದಲು ಎಂದು ಕೂಗಾಟ; ಸಿಸ್ಟರ್ ಒಬ್ಬಳೇ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಪೆನ್ನು ಹಿಡಿದು ಎಲ್ಲರಿಗೂ ಉತ್ತರ ಕೊಡುತ್ತಿದ್ದಳು. ಬಾಗಿಲಲ್ಲಿ ನಿಂತು ಒಂದೇ ಸಲ "ಏನಿದು ಗಲಾಟೆ?" ಎಂದೆ. ಕೋಣೆ ತಣ್ಣಗಾಯಿತು. ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಮೀಸೆಯವನು ಎದ್ದೇ ನಿಂತ.

ಮಕ್ಕಳಿರುವವರು ಬಲಗಡೆ, ಜ್ವರದವರು ಎಡಗಡೆ, ಮಾತ್ರೆ ಒಯ್ಯಲು ಮಾತ್ರ ಬಂದವರು ಕಿಟಕಿಯ ಹತ್ತಿರ ಎಂದು ಕೂರಿಸಿ ಬಂದೆ. ಅದೇನು ದೊಡ್ಡ ಉಪಕಾರವಲ್ಲ. ನನಗೆ ಗದ್ದಲ ಆಗುವುದಿಲ್ಲ, ಅಷ್ಟೇ.

ಸಂಜೆ ಸಿಸ್ಟರ್ ಬಂದು, "ಟೀಚರ್, ನಾಳೆನೂ ಒಂದ್ಸಲ ಗದರಿಸ್ತೀರಾ?" ಎಂದಳು. ಚಹಾ ಕೊಟ್ಟೆ. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ನಾನು ಜೊತೆಗೆ ಕುಡಿಯಲಿಲ್ಲ.

"ನಿಮ್ಮ ಚಹಾ?"

"ನನಗೆ ಸೇರೋದಿಲ್ಲ."

ಸೇರುತ್ತದೆ. ಒಂದು ಕಾಲದಲ್ಲಿ ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದೆ.

ಏಪ್ರಿಲ್ 10, ಬುಧವಾರ

ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬಳು ಹುಡುಗಿ. ಕಿಟಕಿಯಿಂದ ನೋಡುತ್ತಲೇ ಇದ್ದೇನೆ: ಕಳೆದ ವಾರ ಬಂದು ಗೇಟಿನ ಹತ್ತಿರ ನಿಂತು ಹಿಂತಿರುಗಿದಳು. ಮೊನ್ನೆಯೂ ಹಾಗೆಯೇ. ಇವತ್ತು ಗೇಟಿನ ಒಳಗೆ ಬಂದಳು, ಬೆಂಚಿನ ತುಂಬ ಗಂಡಸರನ್ನು ಕಂಡಳು, ಮತ್ತೆ ತಿರುಗಿದಳು. ನಡೆಯುವಾಗ ಒಂದು ಕೈ ಹೊಟ್ಟೆಯ ಕೆಳಗೆ ಒತ್ತಿ ಹಿಡಿದಿದ್ದಳು.

ನಾನು ಹಿತ್ತಲಿನಿಂದ ಸುತ್ತು ಹಾಕಿ ಹೋಗಿ ಬೀದಿಯ ತಿರುವಿನಲ್ಲಿ ಅವಳನ್ನು ಹಿಡಿದೆ. "ಯಾಕಮ್ಮ ವಾಪಸ್ ಹೊರಟೆ?" ಎಂದರೆ ನೆಲ ನೋಡುತ್ತಾಳೆ. ಕೊನೆಗೆ, "ಅಲ್ಲಿ ಹೇಗೆ ಹೇಳೋದು ಅಕ್ಕಾ? ಪರದೆ ಅಷ್ಟೇ ಇರೋದು," ಎಂದಳು.

ಹಿತ್ತಲ ಬಾಗಿಲಿನಿಂದ ಕರೆತಂದು ಅಡುಗೆಮನೆ ದಾಟಿಸಿ ನಮ್ಮ ಒಳಕೋಣೆಯಲ್ಲಿ ಕೂರಿಸಿದೆ. ಸಿಸ್ಟರನ್ನು ಮೆಲ್ಲಗೆ ಕರೆದೆ. ಒಳಗೆ ಏನು ಮಾತಾಡಿದರೋ ತಿಳಿಯದು, ಏಕೆಂದರೆ ನಾನು ಒಗ್ಗರಣೆಯ ಸದ್ದು ಬೇಕೆಂದೇ ಜೋರು ಮಾಡಿದೆ. ಹೊರಬರುವಾಗ ಆ ಹುಡುಗಿಯ ಮುಖ ತೊಳೆದಿಟ್ಟ ಹಾಗಿತ್ತು. ಹೆರಿಗೆಯಾದ ಮೇಲೆ ಶುರುವಾದ ಸೋಂಕಂತೆ, ಮಾತ್ರೆಗೆ ವಾಸಿಯಾಗುತ್ತದಂತೆ, ಅವಳೇ ಹೇಳಿದಳು. ತಿಂಗಳುಗಟ್ಟಲೆ ಆ ನೋವು ಹೊತ್ತುಕೊಂಡೇ ಇಟ್ಟಿಗೆ ಹೊರುತ್ತಿದ್ದಳು.

ಅಡುಗೆಮನೆಯ ತುಂಬ ಕೆಂಪು ಮಣ್ಣಿನ ಹೆಜ್ಜೆ. ಒರೆಸಿ ಸೊಂಟ ಹಿಡಿಯಿತು.

ಏಪ್ರಿಲ್ 22, ಸೋಮವಾರ

ಒಳಕೋಣೆಯನ್ನು ಹೆಂಗಸರಿಗೆ ಬಿಟ್ಟುಕೊಟ್ಟೆ. ಬೆಳಿಗ್ಗೆ ಮಾತ್ರ. ಹಿತ್ತಲಿನಿಂದ ಬಂದು ಹಿತ್ತಲಿನಿಂದಲೇ ಹೋಗಬೇಕು, ಕಾಲು ಒರೆಸಿಕೊಂಡು ಬರಬೇಕು, ಇದು ನನ್ನ ಷರತ್ತು. ಇವರನ್ನು ಕರೆದು ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಿದೆ.

"ನನ್ನ ಕೇಳದೆ ಮನೆ ಕೊಡ್ತೀಯಾ?" ಎಂದರು. ಇವರ ತಮಾಷೆ.

ಸಂಜೆ ಇವರಿಗೆ ಅನ್ನ ಮಾಡುವುದನ್ನು ಹೇಳಿಕೊಟ್ಟೆ. ಈ ತಿಂಗಳಿನ ಮೂರನೇ ಪಾಠ. ನೀರಿನ ಅಳತೆ ಈಗ ಬಂದಿದೆ, ಉರಿ ಸಣ್ಣ ಮಾಡುವುದನ್ನು ಮರೆಯುತ್ತಾರೆ. ಗ್ಯಾಸ್ ಏಜೆನ್ಸಿಯ ನಂಬರು, ಹಾಲಿನವಳ ಲೆಕ್ಕ, ಮಗಳಿಗೆಂದು ಇಟ್ಟ ಬಳೆ ಯಾವ ಡಬ್ಬದಲ್ಲಿದೆ ಎಂಬುದು, ಎಲ್ಲ ಹೇಳಿದ್ದೇನೆ. "ಯಾಕೆ ಇದ್ದಕ್ಕಿದ್ದ ಹಾಗೆ ನನ್ನ ಅಡುಗೆಭಟ್ಟನ್ನ ಮಾಡೋಕೆ ಹೊರಟಿದೀಯಾ?" ಎಂದು ಕೇಳಿದರು. ಗಂಡಸರೂ ಕಲಿತಿರಬೇಕು ಎಂದೆ.

ಈಚೆಗೆ ಅದು ಹೆಚ್ಚಾಗಿದೆ. ನಿಂತರೆ ಇನ್ನೂ ಕೆಳಕ್ಕೆ ಎಳೆದಂತೆ. ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಟ್ಟೆ.

ಮೇ 3, ಶುಕ್ರವಾರ

ಚಳಿ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿದೆ. ಮೂತ್ರಕ್ಕೆ ಹೋದರೆ ಬೆಂಕಿ. ಯಾರಿಗೂ ಹೇಳಿಲ್ಲ. ನೀರು ಇನ್ನಷ್ಟು ಕಡಿಮೆ ಮಾಡಬೇಕು.

ಮೇ 6, ಸೋಮವಾರ

ಈಗ ಕೂತು ಬರೆಯುವ ಶಕ್ತಿ ಬಂದಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ ಒಲೆಯ ಮುಂದೆ ಕಣ್ಣು ಕತ್ತಲೆ ಬಂದು ಕುಸಿದೆ. ಪಾತ್ರೆ ಬಿದ್ದ ಸದ್ದಿಗೆ ಸಿಸ್ಟರ್ ಓಡಿ ಬಂದಳು. ಬಾಗಿಲಿಗೆ ಬೀಗ ಹಾಕುವುದನ್ನು ನಾನು ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ. ಹಾಕಿದ್ದರೆ ಅವಳು ಸುತ್ತಿಕೊಂಡು ಬರಬೇಕಿತ್ತು. ಅವಳೂ ಇವರೂ ಸೇರಿ ನನ್ನನ್ನು ಒಳಕೋಣೆಗೆ ಎತ್ತಿ ತಂದರು. ಸಿಸ್ಟರ್ ಇವರನ್ನು ಹೊರಗೆ ಕಳಿಸಿ ಚಿಲಕ ಹಾಕಿದಳು.

ಜ್ವರ ನೋಡಿದಳು. ನಾಲಿಗೆ ನೋಡಿದಳು. "ನೀರು ಎಷ್ಟು ಕುಡೀತೀರಾ?"

"ಬೇಕಾದಷ್ಟು."

"ಟೀಚರ್, ನಿಮ್ಮ ನಾಲಿಗೆ ಮರಳುಕಾಗದದ ಹಾಗಿದೆ. ನಾನು ಬಂದ ದಿನದಿಂದ ನೀವು ಒಂದು ಗುಟುಕು ಕುಡಿದಿದ್ದು ನೋಡಿಲ್ಲ. ಯಾಕೆ ಕುಡಿಯಲ್ಲ?"

ಬೇರೆ ಯಾರಾದರೂ ಕೇಳಿದ್ದರೆ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಮೈಯಲ್ಲಿ ಗದರಿಸುವ ಶಕ್ತಿ ಇರಲಿಲ್ಲ. "ಕುಡಿದರೆ ನಿಲ್ಲೋದಿಲ್ಲಮ್ಮ," ಎಂದೆ.

ಒಂದು ವಾಕ್ಯ ಹೊರಬಿದ್ದ ಮೇಲೆ ಉಳಿದವು ತಾವಾಗಿಯೇ ಬಂದವು. ಕೆಮ್ಮಿದರೆ, ಸೀನಿದರೆ, ನಕ್ಕರೆ ಬಟ್ಟೆ ಒದ್ದೆಯಾಗುತ್ತದೆ. ಕೊನೆಯ ವರ್ಷ ತರಗತಿಯಲ್ಲಿ ಬೋರ್ಡಿಗೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದೆ, ಹಿಂದೆ ಕಲೆಯಾಗಿದ್ದರೆ ಮಕ್ಕಳಿಗೆ ಕಾಣುತ್ತದೆಂದು. ಮೊಣಕಾಲಿಗೆ ಏನೂ ಆಗಿಲ್ಲ. ಇವರು ಗೊರಕೆ ಹೊಡೆಯುತ್ತಾರೆಂದು ಬೇರೆ ಮಲಗುತ್ತಿರುವುದೂ ಸುಳ್ಳು. ವಾಸನೆ ಬಂದೀತು ಎಂಬ ಹೆದರಿಕೆ. ಇದೆಲ್ಲ ಹೇಳಿದೆ. ಅದೊಂದನ್ನು ಮಾತ್ರ ಹೇಳಲು ಬಹಳ ಹೊತ್ತು ಬೇಕಾಯಿತು. ಸ್ನಾನ ಮಾಡುವಾಗ ಕೆಳಗೆ ಏನೋ ಕೈಗೆ ಸಿಗುತ್ತದೆ. ಮೆತ್ತಗೆ, ಗಡ್ಡೆಯ ಹಾಗೆ. ಎರಡು ವರ್ಷದಿಂದ ಇದೆ, ಈಗ ಬೆಳೆದಿದೆ. ನಮ್ಮ ದೊಡ್ಡಮ್ಮ ಹೊಟ್ಟೆಯ ಗಡ್ಡೆಯಿಂದಲೇ ಸತ್ತದ್ದು. ನನಗೆ ಬಂದಿರುವುದೂ ಅದೇ ಎಂದು ಮೊದಲ ದಿನವೇ ತೀರ್ಮಾನ ಮಾಡಿದ್ದೆ. ತೋರಿಸಿದರೆ ಹೆಸರು ಹೇಳುತ್ತಾರೆ. ತೋರಿಸದಿದ್ದರೆ ಹೆಸರಿಲ್ಲದೆ ಇರುತ್ತದೆ.

ಸಿಸ್ಟರ್ ನಡುವೆ ಬಾಯಿ ಹಾಕಲಿಲ್ಲ. ಅಯ್ಯೋ ಅನ್ನಲಿಲ್ಲ. ಮುಗಿದ ಮೇಲೆ ನನ್ನ ಕೈ ಹಿಡಿದು, "ನಾನು ಡಾಕ್ಟರಲ್ಲ, ಟೀಚರ್. ಆದರೆ ನೀವು ಹೇಳೋದನ್ನ ಕೇಳಿದರೆ ನನಗೆ ಗಡ್ಡೆ ಅಂತ ಅನ್ನಿಸ್ತಿಲ್ಲ. ಇದೇ ಮಾತನ್ನ ಎಷ್ಟೋ ಜನ ನನ್ನ ಹತ್ರ ಹೇಳಿದಾರೆ. ಹದಿನಾಲ್ಕನೇ ತಾರೀಕು ಹೆಂಗಸರ ಡಾಕ್ಟರ್ ಬರ್ತಾರೆ. ಅವರು ನೋಡ್ಲಿ," ಎಂದಳು.

"ಎಷ್ಟೋ ಜನ" ಎಂದಳಲ್ಲ, ಅದರ ಮೇಲೆಯೇ ನನ್ನ ಮನಸ್ಸು ಎರಡು ದಿನದಿಂದ ಕೂತಿದೆ. ಯಾರು? ಈ ಬೀದಿಯಲ್ಲೇ ಇದ್ದಾರೆಯೇ? ಅಡುಗೆಮನೆಯಲ್ಲಿ ನಿಂತು ಊರಿನ ಕಾಯಿಲೆಯೆಲ್ಲ ಕೇಳಿಸಿಕೊಂಡೆ, ಇದನ್ನು ಮಾತ್ರ ಯಾರ ಬಾಯಲ್ಲೂ ಕೇಳಲಿಲ್ಲ. ಪರದೆಯ ಹಿಂದೆ ಯಾರೂ ಹೇಳುವುದಿಲ್ಲ.

ಮೂತ್ರ ಪರೀಕ್ಷೆ ಮಾಡಿ ಡಾಕ್ಟರಿಗೆ ಫೋನಿನಲ್ಲಿ ಹೇಳಿ ಮಾತ್ರೆ ಕೊಟ್ಟಳು. ನೀರು ಕುಡಿಯದೆ ಇದ್ದದ್ದಕ್ಕೇ ಸೋಂಕು ಹತ್ತಿತಂತೆ. ನಿನ್ನೆ ಜ್ವರ ಬಿಟ್ಟಿತು. ಪಕ್ಕದಲ್ಲಿ ಒಂದು ಹೂಜಿ ನೀರು ಇಟ್ಟು, ಸಂಜೆಗೆ ಖಾಲಿಯಾಗಿರಬೇಕು ಎಂದು ಹೇಳಿ ಹೋಗಿದ್ದಾಳೆ. ನನ್ನ ದನಿಯಲ್ಲೇ ಗದರಿಸುತ್ತಾಳೆ, ಪೋರಿ.

ಮೇ 7

ಇವರಿಗೂ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಬಾಗಿಲ ಹೊರಗೆ ಅವತ್ತು ಅಷ್ಟು ಹೊತ್ತು ನಿಂತೇ ಇದ್ದರಂತೆ.

ಪೂರ್ತಿ ಕೇಳಿಸಿಕೊಂಡರು. ಒಂದು ತಮಾಷೆಯೂ ಬರಲಿಲ್ಲ. ಆಮೇಲೆ, "ಅದಕ್ಕಾ ನನಗೆ ಅನ್ನ ಮಾಡೋದು ಕಲಿಸಿದ್ದು?" ಎಂದರು.

ಹೌದೆಂದೆ.

ಎದ್ದು ಶೆಡ್ಡಿಗೆ ಹೋದರು. ಮಧ್ಯಾಹ್ನದವರೆಗೆ ಬರಲಿಲ್ಲ. ಹೋಗಿ ನೋಡಿದರೆ ಕೆಟ್ಟೇ ಇರದ ಒಂದು ಫ್ಯಾನನ್ನು ಪೂರ್ತಿ ಬಿಚ್ಚಿ ಹರಡಿಕೊಂಡು ಕೂತಿದ್ದರು. "ಎರಡು ವರ್ಷ ನಾನು ಏನು ತಪ್ಪು ಮಾಡಿದೆ ಅಂತ ಯೋಚನೆ ಮಾಡ್ತಿದ್ದೆ ಕಣೇ. ಬೇರೆ ಕೋಣೇಲಿ ಮಲಗ್ತೀಯಾ, ನಾನು ಮಾತಾಡಿದರೆ ಮುಖ ಗಂಟು ಹಾಕ್ತೀಯಾ. ಇವಳಿಗೆ ನಾನು ಸಾಕಾಗಿದೀನಿ ಅಂದ್ಕೊಂಡೆ," ಎಂದರು. ಕೈಗೆ ಗ್ರೀಸು ಮೆತ್ತಿತ್ತು, ಆ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಕೆನ್ನೆಯೆಲ್ಲ ಕಪ್ಪಾಯಿತು.

ನನ್ನ ಬಗ್ಗೆ ನಾನು ಇಷ್ಟೊಂದು ಲೆಕ್ಕ ಹಾಕಿದ್ದೆ, ಇವರ ಲೆಕ್ಕ ಏನಿರಬಹುದೆಂದು ಒಮ್ಮೆಯೂ ಕೇಳಿರಲಿಲ್ಲ.

ಮೇ 13, ಸೋಮವಾರ

ನಾಳೆ. ಸಿಸ್ಟರ್ "ಅನ್ನಿಸ್ತಿಲ್ಲ" ಎಂದಳೇ ಹೊರತು "ಅಲ್ಲ" ಎಂದು ಹೇಳಲಿಲ್ಲ. ಮಗಳಿಗೆ ಹೇಳಲೋ ಬೇಡವೋ. ನೋಡಿ ಆದ ಮೇಲೆ ಹೇಳೋಣ.

ಹಾಸಿಗೆ ಮತ್ತೆ ಒಟ್ಟಿಗೆ ಹಾಕಿದ್ದಾರೆ. ನಿಜವಾಗಿಯೂ ಗೊರಕೆ ಹೊಡೆಯುತ್ತಾರೆ.

ಮೇ 14, ಮಂಗಳವಾರ

ಗಡ್ಡೆಯಲ್ಲ.

ಗಡ್ಡೆಯಲ್ಲ, ಗಡ್ಡೆಯಲ್ಲ.

ಹೆಂಗಸರ ಡಾಕ್ಟರಿಗೆ ನನ್ನಷ್ಟೇ ವಯಸ್ಸು. ನರೆತ ಕೂದಲು, ಗಿಡ್ಡ ದೇಹ. ನನ್ನದೇ ಒಳಕೋಣೆ, ಗೋಡೆಯ ಮೇಲೆ ನನ್ನದೇ ಕ್ಯಾಲೆಂಡರು, ಆದರೂ ಬೇರೆ ಯಾರದೋ ಮನೆಗೆ ಬಂದವಳ ಹಾಗೆ ಬಾಗಿಲ ಬಳಿಯೇ ನಿಂತಿದ್ದೆ. "ಬನ್ನಿ, ನಿಮ್ಮನೇನೇ ಅಲ್ವಾ?" ಎಂದರು. ನಿಧಾನವಾಗಿ ನೋಡಿದರು. ಏನು ಮಾಡುತ್ತಿದ್ದೇನೆ ಎಂದು ಮೊದಲೇ ಹೇಳಿ ಮಾಡಿದರು. ಕೆಮ್ಮಿ ಎಂದರು. ಕೆಮ್ಮಿದೆ. ಒದ್ದೆಯಾಯಿತು. ಅವರು ಅದನ್ನು ಒರೆಸಿದರು, ಮಾತು ನಿಲ್ಲಿಸದೆ.

"ನೀವು ಎರಡು ವರ್ಷದಿಂದ ಹೆದರಿಕೊಂಡಿರೋದು ನಿಮ್ಮ ಗರ್ಭಕೋಶಕ್ಕೇ," ಎಂದರು. "ಇದ್ದ ಜಾಗ ಬಿಟ್ಟು ಸ್ವಲ್ಪ ಕೆಳಗೆ ಜಾರಿದೆ. ಮಗಳು ಹುಟ್ಟುವಾಗ ಕಷ್ಟ ಆಯ್ತಾ?"

"ಎರಡು ದಿನ."

"ಅದಕ್ಕೇ. ಹಿಡಿದಿಟ್ಟುಕೊಳ್ಳೋ ಸ್ನಾಯು ಸಡಿಲ ಆಗಿದೆ. ವಯಸ್ಸಾದ ಹಾಗೆ ತೋರಿಸಿಕೊಳ್ಳುತ್ತೆ. ನಾನು ಕೂಡ ಉಂಗುರ ಹಾಕ್ಕೊಂಡೇ ಓಡಾಡ್ತಿದೀನಿ."

ಕೈ ನೋಡಿದೆ. ಬೆರಳಲ್ಲಿ ಉಂಗುರವಿರಲಿಲ್ಲ. ಆಮೇಲೆ ತಿಳಿಯಿತು ಯಾವ ಉಂಗುರವೆಂದು. ಮೆತ್ತನೆಯ ರಬ್ಬರಿನ ಬಳೆಯಂಥದ್ದು. ಒಳಗೆ ಇಟ್ಟರೆ ಜಾರಿದ್ದನ್ನು ಮೇಲಕ್ಕೆ ಹಿಡಿದಿರುತ್ತದೆ. ಅಳತೆ ನೋಡಿ ಅಲ್ಲೇ ಹಾಕಿದರು. ಎದ್ದು ನಿಂತೆ. ಕೆಳಗೆ ಎಳೆಯುವ ಭಾರ ಇಲ್ಲ! ನಡೆದು ನೋಡಿ ಎಂದರು, ನಡೆದೆ. ಕೂತು ನೋಡಿ ಎಂದರು, ಕೂತೆ. ದಿನಾ ಮಾಡಬೇಕಾದ ವ್ಯಾಯಾಮ ಹೇಳಿಕೊಟ್ಟರು. ಕೂತಲ್ಲೇ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಭಾರದ ಬಿಂದಿಗೆ ಎತ್ತಬಾರದು. ಸೋರುವುದು ಒಂದೇ ದಿನಕ್ಕೆ ನಿಲ್ಲುವುದಿಲ್ಲ, ಎರಡು ಮೂರು ತಿಂಗಳು ಬಿಡದೆ ಮಾಡಿದರೆ ಬಹಳ ಮಟ್ಟಿಗೆ ನಿಲ್ಲುತ್ತದಂತೆ. ಅದಕ್ಕೂ ಬಗ್ಗದಿದ್ದರೆ ಆಪರೇಷನ್, ಅದೂ ದೊಡ್ಡದೇನಲ್ಲ.

"ಎರಡು ವರ್ಷ ಯಾಕೆ ಸುಮ್ಮನಿದ್ರಿ?" ಎಂದು ಕೇಳಲಿಲ್ಲ ಅವರು. ಕೇಳುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ.

ಚಿಲಕ ತೆಗೆದು ಹೊರಗೆ ಬಂದರೆ ಇವರು ಅಡುಗೆಮನೆಯಲ್ಲಿ ನಿಂತಿದ್ದರು, ಕೈಯಲ್ಲಿ ಸೌಟು. "ಗಡ್ಡೆಯಲ್ಲವಂತೆ," ಎಂದೆ. ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಲು ಹೋದರು. ಒಲೆಯ ಮೇಲಿದ್ದ ಅನ್ನ ಸೀದುಹೋಗಿತ್ತು. ಅದನ್ನೇ ಇಬ್ಬರೂ ಉಂಡೆವು. ಊಟದ ಮೇಲೆ ಒಂದು ಲೋಟ ತುಂಬ ಚಹಾ ಕುಡಿದೆ.

ಜೂನ್ 2, ಭಾನುವಾರ

ಮಗಳ ಮನೆಗೆ ಹೋಗಿ ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೀರಿನ ಬಾಟಲಿ ಖಾಲಿ ಮಾಡಿದೆ. ಒಂದೆರಡು ಕಡೆ ಕಷ್ಟವಾಯಿತು, ಬಟ್ಟೆ ಬೇರೆ ಇತ್ತು, ಬದಲಿಸಿದೆ. ಆಕಾಶ ಕಳಚಿ ಬೀಳಲಿಲ್ಲ. ಮೊಮ್ಮಗಳು ಮೊದಲು ನನ್ನ ಮುಖ ನೋಡಿ ಅತ್ತಳು. ಆಮೇಲೆ ಬಿಡಲೇ ಇಲ್ಲ. ಮಗಳಿಗೆ ಎಲ್ಲ ಹೇಳಿದೆ. ಅವಳು, "ಅಮ್ಮಾ, ನಂಗೂ ಸೀನಿದರೆ ಹಾಗಾಗುತ್ತೆ. ಹೆತ್ತವರಿಗೆಲ್ಲ ಹಾಗೇ ಇರುತ್ತೆ ಅಂದ್ಕೊಂಡಿದ್ದೆ," ಎಂದಳು. ಕೂರಿಸಿ ವ್ಯಾಯಾಮ ಹೇಳಿಕೊಟ್ಟೆ. ಗಣಿತವನ್ನೂ ಇಷ್ಟು ಶ್ರದ್ಧೆಯಿಂದ ಕಲಿಯಲಿಲ್ಲ ಅವಳು ನನ್ನ ಹತ್ತಿರ.

ಜೂನ್ 20, ಗುರುವಾರ

ಕಟ್ಟಡದ ರಿಪೇರಿ ನೋಡಿಕೊಳ್ಳುವ ಎಂಜಿನಿಯರ್ ಬಂದಿದ್ದ. ಮುಂದಿನ ತಿಂಗಳು ಸಾಮಾನು ಸಾಗಿಸುತ್ತಾರಂತೆ. ನಕ್ಷೆ ತೋರಿಸು ಎಂದೆ. ದೊಡ್ಡ ಹಾಲು, ಔಷಧಿ ಕೋಣೆ, ಡಾಕ್ಟರ ಕೋಣೆ, ಹಿಂದೆ ಒಂದು ಸ್ಟೋರ್ ರೂಮು.

"ಹೆಂಗಸರನ್ನ ನೋಡೋದು ಎಲ್ಲಿ?"

"ಹಾಲಿನಲ್ಲೇ ಮೇಡಂ, ಪರದೆ ಹಾಕ್ತೀವಿ."

"ಪರದೆಗೆ ಕಿವಿ ಇಲ್ವೇನಪ್ಪ?"

"ನಕ್ಷೆ ಆಗಲೇ ಪಾಸಾಗಿದೆ ಮೇಡಂ, ಈಗ ಬದಲಾಯಿಸೋಕೆ..."

"ಗೋಡೆ ಹೊಸದಾಗಿ ಎಬ್ಬಿಸಬೇಡ. ಈ ಸ್ಟೋರ್ ರೂಮನ್ನ ಆ ಕಡೆ ಹಾಕು, ಇದಕ್ಕೆ ಒಂದು ಬಾಗಿಲು ಇಡು. ಒಳಗಿನಿಂದ ಚಿಲಕ. ಹಿಂದಿನಿಂದ ಬರೋಕೆ ದಾರಿ."

ಆಗಲ್ಲ ಎಂದು ಮತ್ತೆ ಶುರು ಮಾಡಿದ. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಇಟ್ಟಿಗೆ ಭಟ್ಟಿಯ ಹುಡುಗಿ ಎದ್ದು, "ಟೀಚರ್ ಹೇಳ್ದಂಗೆ ಮಾಡಿ ಸಾರ್, ಇಲ್ಲಾಂದ್ರೆ ನಾವ್ಯಾರೂ ಬರಲ್ಲ," ಎಂದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಕಿವಿ ಕೇಳದ ಅಜ್ಜಿ, ಏನು ವಿಷಯವೆಂದೂ ತಿಳಿಯದೆ, "ಹೌದು, ಹೌದು!" ಎಂದು ಕೂಗಿದಳು. ಎಂಜಿನಿಯರ್ ಪೆನ್ಸಿಲ್ ತೆಗೆದು ನಕ್ಷೆಯ ಮೇಲೆ ಗೆರೆ ಎಳೆದ.

ಸಿಸ್ಟರ್ ಈಗ ನಾಲ್ಕು ಜನಕ್ಕೆ ಉಂಗುರ ಹಾಕಿಸಿದ್ದಾಳೆ. ಯಾರೆಂದು ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.

ಜುಲೈ 11, ಗುರುವಾರ

ಇವತ್ತು ಆಸ್ಪತ್ರೆ ಹೊರಟಿತು.

ರಿಪೇರಿಯಾದ ಕಟ್ಟಡದಲ್ಲಿ ಹೆಂಗಸರ ಕೋಣೆಗೆ ಬಾಗಿಲು, ಚಿಲಕ ಎಲ್ಲ ಬಂದಿದೆ. ನಿನ್ನೆ ಹೋಗಿ ಒಳಗಿನಿಂದ ಹಾಕಿ ತೆಗೆದು ನೋಡಿ ಬಂದೆ. ಬೆಳಿಗ್ಗೆ ಲಾರಿ ಬಂತು. ಬೀರು ಹೋಯಿತು, ಫ್ರಿಜ್ಜು ಹೋಯಿತು. ಕಬ್ಬಿಣದ ಮಂಚ ಮಾತ್ರ ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಳಗಿನ ತುದಿ ಇವರ ಕೈಯಲ್ಲಿ, ಹೊರಗಿನದು ಲಾರಿಯವನ ಕೈಯಲ್ಲಿ. ಅವನು ಅಲ್ಲಾಡಿಸಿ ಅಲ್ಲಾಡಿಸಿ ಸೋತು, ಮಂಚವನ್ನು ಹೊಸ್ತಿಲ ಮೇಲಿಟ್ಟು ಹಗ್ಗ ತರಲು ಹೋದ. ಇವರು ಆ ತುದಿ ಹಿಡಿದೇ ನಿಂತಿದ್ದರು, ಬಿಟ್ಟರೆ ಕಾಲಿನ ಮೇಲೆ ಬೀಳುತ್ತದೆ.

ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಮುದುಕಪ್ಪ ಬಂದ. ಆಸ್ಪತ್ರೆ ಖಾಲಿಯಾಗುತ್ತಿದೆ ಎಂದು ಅವನಿಗೆ ಗೊತ್ತಿಲ್ಲ. ಬಾಗಿಲಲ್ಲಿ ಮಂಚ, ಮಂಚದ ಆಚೆ ಒಬ್ಬ ಮನುಷ್ಯ ಕಾದು ನಿಂತಿದ್ದಾನೆ. ಸರಿ, ಕೊಡೆಯನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಹೊಸ್ತಿಲ ಮೇಲಿನ ಮಂಚ ಹತ್ತಿ ಅಂಗಾತ ಮಲಗಿದ. ನಾಲಿಗೆ ಚಾಚಿದ.

"ಬೇಗ ನೋಡಿಬಿಡಿ ಡಾಕ್ಟ್ರೇ, ಬಸ್ ಬರೋ ಹೊತ್ತಾಯ್ತು."

ಇವರ ಮುಖ ಭಾರಕ್ಕೆ ಕೆಂಪಾಗಿತ್ತು. ಮಂಚ ಬಿಡುವ ಹಾಗಿಲ್ಲ, ಮುದುಕಪ್ಪನನ್ನು ಎಬ್ಬಿಸುವ ಹಾಗೂ ಇಲ್ಲ. ಒಂದು ಕ್ಷಣ ಯೋಚಿಸಿ, ಬಹಳ ಗಂಭೀರವಾಗಿ, "ಉಸಿರು ಎಳ್ಕೊಳ್ಳಿ ಅಪ್ಪಾ," ಎಂದರು. ಅವನು ಎಳೆದುಕೊಂಡ. "ಬಿಡಿ." ಬಿಟ್ಟ. "ನಿಮಗೇನೂ ಆಗಿಲ್ಲ. ನಾನೇ ಹೋಗ್ತಾ ಇದೀನಿ."

ನನಗೆ ನಗು ಬಂತು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಬಾಯಿ ತೆರೆದು ಬಂತು. ಗೋಡೆ ಹಿಡಿದುಕೊಂಡೆ, ಗೋಡೆ ಸಾಲದೆ ಬೆಂಚಿನ ಮೇಲೆ ಕುಸಿದು ಕೂತೆ. ಕಣ್ಣಲ್ಲಿ ನೀರು. ಸಿಸ್ಟರ್ ಔಷಧಿಯ ಡಬ್ಬ ಹಿಡಿದು ಬಂದವಳು ಅಲ್ಲೇ ನಿಂತು ನನ್ನನ್ನೇ ನೋಡಿದಳು. ಇಷ್ಟು ತಿಂಗಳಲ್ಲಿ ನನ್ನ ನಗು ಅವಳು ಕೇಳಿಯೇ ಇರಲಿಲ್ಲವಂತೆ. ಅವಳಿಗೂ ಶುರುವಾಯಿತು. ಮುದುಕಪ್ಪ ಮಲಗಿದಲ್ಲಿಂದಲೇ ತಲೆ ಎತ್ತಿ, "ಈ ಅಮ್ಮನಿಗೆ ಏನಾಗಿದೆ?" ಎಂದು ಕೇಳಿದ. ಅದಕ್ಕೆ ಇನ್ನೊಂದು ಸುತ್ತು.

ಲಾರಿಯವನು ಬಂದು ಇವರನ್ನು ಬಿಡಿಸಿದ. ಸಿಸ್ಟರ್ ಮುದುಕಪ್ಪನ ರಕ್ತದೊತ್ತಡ ಅಲ್ಲೇ ನೋಡಿ ಮಾತ್ರೆ ಕೊಟ್ಟು ಬಸ್ಸಿಗೆ ಕಳಿಸಿದಳು. ಆಮೇಲೆ ನನ್ನ ಭುಜ ಒತ್ತಿ, "ಟೀಚರ್, ಮುಂದಿನ ಗುರುವಾರ ಲಸಿಕೆ. ಗದರಿಸೋಕೆ ಬರಲೇಬೇಕು," ಎಂದು ಲಾರಿ ಹತ್ತಿದಳು. ಬರ್ತೀನಿ ಹೋಗೇ ಎಂದೆ.

ಖಾಲಿ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಇವರು ಬೆವರು ಒರೆಸಿಕೊಳ್ಳುತ್ತ ನನ್ನ ಎದುರು ನೆಲದ ಮೇಲೆ ಕೂತರು.

"ಇಷ್ಟು ವರ್ಷ ನನ್ನ ಜೋಕೇ ಚೆನ್ನಾಗಿಲ್ಲ ಅಂದ್ಕೊಂಡಿದ್ದೆ ಕಣೇ," ಎಂದರು.

ಚೆನ್ನಾಗಿಲ್ಲ, ಅದು ಬೇರೆ ವಿಷಯ ಎಂದು ಹೇಳಲು ಬಾಯಿ ತೆರೆದೆ. ಹೇಳಲು ಆಗಲಿಲ್ಲ, ಮತ್ತೆ ನಗು ಬಂತು. ಇವರೂ ನಗುತ್ತಿದ್ದರು. ಸಂಜೆ ಬಟ್ಟೆ ಬದಲಿಸುವಾಗ ಹೊಳೆಯಿತು: ಅಷ್ಟು ನಗುವಾಗ ಕಾಲು ಜೋಡಿಸಿಕೊಳ್ಳುವುದನ್ನೇ ನಾನು ಮರೆತಿದ್ದೆ.